ಕೃಂಬಿಗಲ್ ಬರೆದ ಹೂವಿನ ಪಂಚಾಂಗ

ಸಂಕ್ರಾಂತಿ ಕಳೆದು ಚಳಿ ಹಿಂದೆಗೆಯುವ ಹೊತ್ತಿಗೆ ಬೆಂಗಳೂರಿನ ಕೆಲವು ರಸ್ತೆಗಳು ಇದ್ದಕ್ಕಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಎಲೆಯೆಲ್ಲ ಉದುರಿಸಿಕೊಂಡ ಟಬೂಬಿಯಾ ಮರಗಳ ತುಂಬ ಹೂವೋ ಹೂವು. ಪತ್ರಿಕೆಗಳು ಅದರ ಚಿತ್ರವನ್ನು ಅಚ್ಚುಮಾಡುತ್ತವೆ. ಚಿತ್ರದ ಅಡಿಯಲ್ಲಿ, ನೆನಪಾದರೆ, ಗುಸ್ತಾವ್ ಹರ್ಮನ್ ಕೃಂಬಿಗಲ್ ಎಂಬ ಜರ್ಮನ್ ತೋಟಗಾರನ ಹೆಸರು ಒಂದು ಸಾಲಿನಲ್ಲಿ ಬರುತ್ತದೆ. ವರ್ಷದ ಸ್ಮರಣೆ ಅಲ್ಲಿಗೆ ಮುಗಿಯಿತು.

ಆ ಮಹನೀಯರ ಹೆಸರನ್ನು ನಾವು ಅಷ್ಟಿಷ್ಟು ಉಳಿಸಿಕೊಂಡಿದ್ದೇವೆ. ಅವರು ನೆಟ್ಟ ಮರಗಳ ಪಟ್ಟಿಯನ್ನೂ ಉಳಿಸಿಕೊಂಡಿದ್ದೇವೆ. ರಾಜ್ಯದ ಯಾವ ಮೂಲೆಯ ಪುರಸಭೆಯಾದರೂ ರಸ್ತೆಯನ್ನು ಚೆಂದಗಾಣಿಸಲು ಹೊರಟರೆ ಮೊದಲು ಕೇಳುವುದು ಬೆಂಗಳೂರಿನ ಹೂಮರಗಳನ್ನೇ. ಉಳಿಸಿಕೊಳ್ಳದೆ ಹೋದದ್ದು ಆ ಪಟ್ಟಿ ಸಿದ್ಧವಾದ ರೀತಿಯನ್ನು. ಈ ಮಾತನ್ನು ಪರರನ್ನು ದೂರಲು ಹೇಳುತ್ತಿಲ್ಲ. ಗಂಗಾವತಿಯ ಆಚೆಗಿನ ಹುಲಿಹೈದರದಲ್ಲಿ ನಾನೇ ಮಾಡಿದ ತಪ್ಪೊಂದು ಇದೆ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಚಳಿಯ ನಾಡಿನಿಂದ ಬಂದು ಬೆಚ್ಚನೆಯ ನಾಡಿಗೆ ಮರ ಆರಿಸಿಕೊಟ್ಟ ಈ ಮನುಷ್ಯ ಅದನ್ನು ಎಲ್ಲಿ ಕಲಿತರೆಂಬುದನ್ನು ನೋಡಬೇಕು.

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡನ್ ನಗರಕ್ಕೆ ಸಮೀಪದ ಲೋಹ್‌ಮೆನ್ ಎಂಬ ಊರಿನಲ್ಲಿ. ತೋಟಗಾರಿಕೆಯ ಶಿಕ್ಷಣ ದೊರೆತದ್ದು ಎಲ್ಬೆ ನದಿಯ ದಡದ ಪಿಲ್‌ನಿಟ್ಸ್‌ನಲ್ಲಿ. ಅಲ್ಲಿನ ಅರಮನೆಯ ಉದ್ಯಾನದಲ್ಲಿ ಒಂದು ಪ್ರಸಿದ್ಧ ಕಮೀಲಿಯಾ ಮರವಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೆಟ್ಟ, ಜಪಾನ್ ಮೂಲದ ಮರ ಅದು. ಅಲ್ಲಿನ ಚಳಿಗಾಲವನ್ನು ಅದು ತಾನಾಗಿ ತಾಳಲಾರದು. ಆದ್ದರಿಂದ ವರ್ಷ ವರ್ಷವೂ ಅದರ ಸುತ್ತ ಮನೆಯನ್ನೇ ಕಟ್ಟಿ, ಒಳಗೆ ಬಿಸಿ ಕೊಟ್ಟು, ಕಾಪಾಡಿಕೊಂಡು ಬಂದರು. ಹಿಂದೆ ಮರದ ಮನೆ ಇತ್ತು, ಈಗ ಗಾಜಿನ ಮನೆ ಇದೆ. ಒಂದು ಮರಕ್ಕೆ ಒಂದು ಮನೆ! ನಮ್ಮ ಹಳ್ಳಿಗಳಲ್ಲಿ ಮರದ ಕೆಳಗೆ ಮನುಷ್ಯರೇ ಸಂಸಾರ ಹೂಡುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಉತ್ತರ ಯುರೋಪಿನ ತೋಟಗಾರನ ಕಸುಬಿನ ಮೊದಲ ಪಾಠವೇ ಅದು: ಯಾವ ಗಿಡ ಎಷ್ಟು ಚಳಿಯನ್ನು ತಡೆಯಬಲ್ಲದು ಎಂಬುದನ್ನು ಅರಿಯುವುದು. ಬಣ್ಣ, ಆಕಾರ, ಎತ್ತರಗಳ ವಿಚಾರವೆಲ್ಲ ಅದರ ನಂತರದ್ದು.

ಜರ್ಮನಿಯಲ್ಲಿ ಕೆಲಕಾಲ ದುಡಿದು ಅವರು 1880ರ ದಶಕದ ಕೊನೆಗೆ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಪಾತಿಗಳ ಕೆಲಸ ಮಾಡಿ, ಅಲ್ಲಿಂದ ಕ್ಯೂ ಸಸ್ಯೋದ್ಯಾನವನ್ನು ಸೇರಿದರು. ಬ್ರಿಟಿಷ್ ಸಾಮ್ರಾಜ್ಯದ ಮೂಲೆಮೂಲೆಗಳಿಂದ ಬೀಜ, ಸಸಿ, ಒಣಗಿಸಿದ ಎಲೆ, ಕಾಗದಪತ್ರ ಎಲ್ಲ ಬಂದು ಸೇರುತ್ತಿದ್ದ ಸ್ಥಳ ಕ್ಯೂ. ಅಲ್ಲಿನ ದೊಡ್ಡ ಗಾಜಿನ ಮನೆಯೊಳಗೆ ಉಷ್ಣವಲಯದ ತಾಳೆ, ಬಾಳೆಗಳು ಇಂಗ್ಲೆಂಡಿನ ಹಿಮದ ನಡುವೆಯೂ ಬೆಳೆಯುತ್ತಿದ್ದವು. ಮಡಗಾಸ್ಕರ್, ಬ್ರೆಜಿಲ್, ಬರ್ಮಾಗಳ ಗಿಡಗಳು ಒಂದೇ ಸೂರಿನಡಿ ನೋಡಲು ಸಿಗುವ ಜಾಗ ಆ ಕಾಲಕ್ಕೆ ಪ್ರಪಂಚದಲ್ಲಿ ಹೆಚ್ಚು ಇರಲಿಲ್ಲ. ಭಾರತವನ್ನು ಕಾಣುವ ಮೊದಲೇ ಭಾರತದ ಗಿಡಗಳೊಡನೆ ಅವರ ಒಡನಾಟ ಹೀಗೆ ಗಾಜಿನ ಹಿಂದೆ ಆರಂಭವಾಗಿತ್ತು.

1893ರಲ್ಲಿ ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸೇವೆಗೆ ಅವರು ಭಾರತಕ್ಕೆ ಬಂದರು. ಆಗ ವಯಸ್ಸು ಇಪ್ಪತ್ತೇಳು. ಸಯಾಜಿರಾವ್ ಕಡ್ಡಾಯ ಶಿಕ್ಷಣ, ಗ್ರಂಥಾಲಯಗಳಂಥ ಕೆಲಸಗಳಿಂದ ಹೆಸರಾದ ದೊರೆ. ಅರಮನೆಯ ತೋಟ, ನಗರದ ಉದ್ಯಾನಗಳೆಲ್ಲ ಈ ತರುಣನ ಕೈಗೆ ಬಂದವು. ಸುಮಾರು ಹದಿನೈದು ವರ್ಷಗಳ ಈ ಅವಧಿಯನ್ನು ಅವರ ಜೀವನಚಿತ್ರಗಳು ಬೇಗನೆ ದಾಟಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ವಿದ್ಯಾಭ್ಯಾಸ ನಡೆದದ್ದು ಇಲ್ಲಿಯೇ. ಗುಜರಾತಿನ ಬೇಸಿಗೆ ನಲವತ್ತು ಡಿಗ್ರಿಯನ್ನು ಮೀರುತ್ತದೆ. ಮಳೆ ಬರುವುದು ನಾಲ್ಕು ತಿಂಗಳು, ಮಿಕ್ಕ ಕಾಲ ಒಣ. ಸ್ಯಾಕ್ಸನಿಯಲ್ಲಿ ಗಿಡವನ್ನು ಕೊಲ್ಲುವುದು ಜನವರಿಯಾದರೆ ಬರೋಡಾದಲ್ಲಿ ಕೊಲ್ಲುವುದು ಮೇ. ಮೊದಲು ಕಲಿತ ಪಾಠವನ್ನು ತಲೆಕೆಳಗು ಮಾಡಿ ಮತ್ತೆ ಕಲಿಯಬೇಕಾದ ನೆಲ ಅದು.

ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕರೆಸಿಕೊಂಡ ಸಂದರ್ಭದಲ್ಲಿ ಲಾಲ್‌ಬಾಗಿನ ಸೂಪರಿಂಟೆಂಡೆಂಟರಾಗಿದ್ದ ಜಾನ್ ಕ್ಯಾಮೆರಾನ್ ನಿವೃತ್ತಿಯ ಅಂಚಿನಲ್ಲಿದ್ದರು. 1908ರಲ್ಲಿ ಕೃಂಬಿಗಲ್ ಆ ಸ್ಥಾನಕ್ಕೆ ಬಂದರು. ಬರಿಗೈಯಲ್ಲಿ ಆರಂಭಿಸಿದ ಕೆಲಸ ಅದಾಗಿರಲಿಲ್ಲ. ಹೈದರಾಲಿ 1760ರಲ್ಲಿ ತೊಡಗಿಸಿ, ಟಿಪ್ಪು ಬೆಳೆಸಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ ಮಾರ್ಪಟ್ಟಿದ್ದ ತೋಟ ಲಾಲ್‌ಬಾಗ್. ಕ್ಯಾಮೆರಾನ್ ಮೂರು ದಶಕಗಳಿಗೂ ಹೆಚ್ಚು ಕಾಲ ಅದನ್ನು ವಿಸ್ತರಿಸಿ, ನಾನಾ ದೇಶಗಳ ಗಿಡಗಳನ್ನು ತಂದು ತುಂಬಿದ್ದರು. ಸೀಮೆಬದನೆಯನ್ನು ಇಲ್ಲಿಗೆ ಪರಿಚಯಿಸಿದ ಕೀರ್ತಿಯೂ ಅವರಿಗೇ ಸಲ್ಲುತ್ತದೆ.

ಈ ಹಿನ್ನೆಲೆಯನ್ನು ಹೇಳಲು ಕಾರಣವಿದೆ. ಬೆಂಗಳೂರಿನ ಹೂಮರಗಳನ್ನೆಲ್ಲ ಕೃಂಬಿಗಲ್ ಒಬ್ಬರೇ ಹಡಗಿನಲ್ಲಿ ತಂದಿಳಿಸಿದರೆಂಬ ಐತಿಹ್ಯ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲ. ಗುಲ್‌ಮೊಹರ್ ಭಾರತಕ್ಕೆ ಬಂದದ್ದು ಅವರು ಹುಟ್ಟುವುದಕ್ಕೂ ಮೊದಲು. ಇಂದು ಚಿತ್ರಗಳಲ್ಲಿ ಮೆರೆಯುವ ಟಬೂಬಿಯಾ ಸಾಲುಗಳಲ್ಲಿ ಬಹಳಷ್ಟು 1980ರ ದಶಕದವು, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಆ ದಶಕದಲ್ಲಿ ನಗರದ ತುಂಬ ಸುಮಾರು 15 ಲಕ್ಷ ಸಸಿ ನೆಡಿಸಿದ ಕಾಲದವು. ನೇಗಿನಹಾಳರು 2021ರಲ್ಲಿ ತೀರಿಕೊಂಡಾಗ ಅವರ ನೆರಳಿನಲ್ಲಿ ದಿನವೂ ನಡೆಯುವ ಎಷ್ಟು ಮಂದಿಗೆ ಆ ಹೆಸರು ಗೊತ್ತಿತ್ತೋ ಹೇಳಲಾರೆ. ಕೃಂಬಿಗಲ್ ಹೊಸ ಸಸ್ಯಗಳನ್ನು ತಂದದ್ದು ನಿಜ. ಮೇವಿನ ಹುಲ್ಲು, ಸೂರ್ಯಕಾಂತಿ, ಸೋಯಾ ಅವರೆಯಂಥ ರೈತರ ಬೆಳೆಗಳೂ ಅವರು ಪರಿಚಯಿಸಿದವುಗಳಲ್ಲಿವೆ. ಆದರೆ ಅವರ ಹೆಚ್ಚುಗಾರಿಕೆ ತಂದದ್ದರಲ್ಲಿ ಅಷ್ಟಾಗಿ ಇಲ್ಲ, ಹೊಂದಿಸಿದ್ದರಲ್ಲಿದೆ.

ಆ ಹೊಂದಿಕೆಯ ಗುಟ್ಟು ಬೆಂಗಳೂರಿನ ಹವೆಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಚಳಿಗಾಲವೆಂಬುದು ಬರಿಯ ಮುನ್ಸೂಚನೆಯಂತೆ ಬಂದುಹೋಗುತ್ತದೆ. ದಾಖಲೆಯಲ್ಲಿರುವ ಅತ್ಯಂತ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ, ಅತ್ಯಂತ ಹೆಚ್ಚಿನದು 2016ರ ಏಪ್ರಿಲಿನ 39.2. ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಇಲ್ಲ, ಎಲೆ ಸೀಯುವಷ್ಟು ಬಿಸಿಲೂ ಸಾಮಾನ್ಯವಾಗಿ ಇಲ್ಲ. ಎರಡೂ ಮುಂಗಾರು-ಹಿಂಗಾರುಗಳು ಸೇರಿ ವರ್ಷಕ್ಕೆ ಸುಮಾರು ಒಂದು ಮೀಟರಿನಷ್ಟು ಮಳೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಒಣ ಹವೆ, ತಂಪು ರಾತ್ರಿ. ದಕ್ಷಿಣ ಅಮೆರಿಕದ ಬೊಲಿವಿಯಾ, ಅರ್ಜೆಂಟೀನಾಗಳ ಕಡೆಯ ಜಕರಂಡಾ ಮರಕ್ಕೆ ಬೇಕಾದದ್ದು ಇದೇ: ಪ್ರಾಣ ತೆಗೆಯದ, ಆದರೆ ಎಲೆ ಉದುರಿಸಿ ಹೂ ಬಿಡಲು ಪ್ರೇರೇಪಿಸುವ ಹದವಾದ ಒಣ ಚಳಿ. ಅದೇ ಮರವನ್ನು ಕರಾವಳಿಯ ಸೆಕೆಯಲ್ಲಿ ನೆಟ್ಟರೆ ಎಲೆ ಸೊಂಪಾಗಿ ಬರುತ್ತದೆ, ಹೂವು ಬಡವಾಗುತ್ತದೆ. ಟಬೂಬಿಯಾದ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ.

ಈ ಹದವನ್ನು ಗುರುತಿಸಿದ ಮೇಲೆ ಕೃಂಬಿಗಲ್ ಮರಗಳನ್ನು ಒಂದು ಪಂಚಾಂಗದಂತೆ ಜೋಡಿಸಲು ಯೋಚಿಸಿದರು. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಆರಂಭವಾಗಬೇಕು; ವರ್ಷದ ಯಾವ ತಿಂಗಳಿನಲ್ಲೂ ಊರು ಹೂವಿಲ್ಲದೆ ಇರಬಾರದು. ಇಂದಿನ ಬೆಂಗಳೂರಿನಲ್ಲಿ ಆ ಪಂಚಾಂಗವನ್ನು ಯಾರಾದರೂ ಓದಬಹುದು. ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಟಬೂಬಿಯಾ, ಅದರ ಬೆನ್ನಿಗೆ ಹಳದಿಯದು, ಆಮೇಲೆ ಜಕರಂಡಾದ ನೇರಳೆ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಗುಲ್‌ಮೊಹರಿನ ಕೆಂಪು, ಪೆಲ್ಟೊಫೋರಂ ಮತ್ತು ಕಕ್ಕೆಗಳ ಹಳದಿ, ಹೊಳೆದಾಸವಾಳದ ತಿಳಿನೇರಳೆ. ಮಳೆಗಾಲ ಮುಗಿಯುತ್ತ ಬಂದಂತೆ ನೀರುಕಾಯಿ ಮರದ ಕಿತ್ತಳೆ ಬಟ್ಟಲುಗಳು, ದೀಪಾವಳಿಯ ಹೊತ್ತಿಗೆ ಆಕಾಶಮಲ್ಲಿಗೆಯ ಕಂಪು. ಇವುಗಳಲ್ಲಿ ಹೊಂಗೆ, ಕಕ್ಕೆ, ಹೊಳೆದಾಸವಾಳಗಳು ನಮ್ಮ ನೆಲದವೇ ಎಂಬುದನ್ನು ಗಮನಿಸಬೇಕು. ಪರದೇಶದ ಮರಗಳನ್ನು ಮಾತ್ರ ತಂದು ತುಂಬಿದರೆಂದು ಅವರ ಕಾಲದ ನೆಡುವಿಕೆಯನ್ನು ಆಕ್ಷೇಪಿಸುವವರು ಈ ಅಂಶವನ್ನು ಮರೆಯುತ್ತಾರೆ.

ಇಷ್ಟನ್ನು ಗೊತ್ತುಮಾಡಲು ಎಷ್ಟು ಕಾಲ ಬೇಕು? ಅರ್ಥಶಾಸ್ತ್ರ ಓದಿದವನಾದ ನನಗೆ ಕೃಂಬಿಗಲ್ಲರ ಜೀವನದಲ್ಲಿ ಬಹುವಾಗಿ ಹಿಡಿಸುವುದು ಈ ಪ್ರಶ್ನೆಯ ಉತ್ತರ. ಅವರು ಲಾಲ್‌ಬಾಗಿನಲ್ಲಿ ಅಧಿಕಾರದಲ್ಲಿದ್ದದ್ದು 1908ರಿಂದ 1932ರವರೆಗೆ, ಇಪ್ಪತ್ತನಾಲ್ಕು ವರ್ಷ. ಅವರ ಹಿಂದಿನವರು ಮೂವತ್ತಕ್ಕೂ ಹೆಚ್ಚು ವರ್ಷ. ಸಾಲುಮರವೆಂಬುದು ವಿಚಿತ್ರವಾದ ಹೂಡಿಕೆ. ಅದರ ಖರ್ಚೆಲ್ಲ ಮೊದಲ ಮೂರು ನಾಲ್ಕು ವರ್ಷಗಳಲ್ಲಿ: ಗುಂಡಿ, ಗೊಬ್ಬರ, ನೀರು, ಬೇಲಿ, ಕಾವಲು. ಲಾಭ ಬರುವುದು ಹದಿನೈದು ಇಪ್ಪತ್ತು ವರ್ಷಗಳ ಮೇಲೆ, ಅದೂ ಖರ್ಚು ಮಾಡಿದವನಿಗಲ್ಲ. ತಪ್ಪು ಜಾತಿಯನ್ನು ಆರಿಸಿದ್ದರೆ ಅದು ತಿಳಿಯುವುದೂ ಅಷ್ಟೇ ತಡವಾಗಿ: ಬೇರು ಚರಂಡಿಯನ್ನು ಒಡೆದಾಗ, ಗಾಳಿಮಳೆಗೆ ಕೊಂಬೆ ಮುರಿದು ವಾಹನದ ಮೇಲೆ ಬಿದ್ದಾಗ. ನಮ್ಮ ಆಡಳಿತದಲ್ಲಿ ಒಬ್ಬ ಅಧಿಕಾರಿ ಒಂದು ಜಾಗದಲ್ಲಿ ಎರಡು ಮೂರು ವರ್ಷ ಉಳಿದರೆ ಹೆಚ್ಚು. ಆತನ ಲೆಕ್ಕಕ್ಕೆ ಸಿಗುವುದು ನೆಟ್ಟ ಸಸಿಗಳ ಸಂಖ್ಯೆ. ಬದುಕಿದ ಮರಗಳ ಸಂಖ್ಯೆ ಮುಂದೆ ಬಂದವನ ಪಾಲು, ಅವನು ಅದನ್ನು ಎಣಿಸಲು ಹೋಗುವುದಿಲ್ಲ. ಕೃಂಬಿಗಲ್ಲರಿಗೆ ತಾವು ನೆಟ್ಟದ್ದು ಬೆಳೆದು ದೊಡ್ಡದಾಗುವುದನ್ನು, ಕೆಲವು ಸೋಲುವುದನ್ನು, ಅದೇ ಕುರ್ಚಿಯಲ್ಲಿ ಕುಳಿತು ನೋಡುವ ಅವಕಾಶವಿತ್ತು. ಹೊಸದಾಗಿ ಬಂದ ಗಿಡವನ್ನು ಬೀದಿಗೆ ಕಳಿಸುವ ಮೊದಲು ಹಲವು ವರ್ಷ ಕಣ್ಣೆದುರಿಗೇ ಬೆಳೆಸಿ ನೋಡಲು ಲಾಲ್‌ಬಾಗ್ ಇತ್ತು. ವಾಯುಗುಣದ ತಿಳಿವಳಿಕೆಯಷ್ಟೇ ಮುಖ್ಯವಾಗಿ ಈ ವ್ಯವಸ್ಥೆಯೂ ಆ ಪಟ್ಟಿಯ ಹಿಂದೆ ಇದೆ.

ಸಂಸ್ಥಾನದ ಆಡಳಿತ ಅವರಿಗೆ ಒತ್ತಾಸೆಯಾಗಿ ನಿಂತಿತು. 1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಅದೇ ವರ್ಷ ಮೈಸೂರು ತೋಟಗಾರಿಕಾ ಸಂಘ ಆರಂಭವಾಯಿತು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳೊಡನೆ ಇಂದಿಗೂ ಆ ಸಂಘದ ಹೆಸರು ಸೇರಿಕೊಂಡಿದೆ. ಆಳುವವರಿಗೂ ಸಿರಿವಂತರಿಗೂ ಮೀಸಲಾಗಿದ್ದ ತೋಟದ ಅಭಿರುಚಿ ಊರಿನ ಮಧ್ಯಮ ವರ್ಗದ ಮನೆಯಂಗಳಕ್ಕೆ ಇಳಿದದ್ದು ಇಂಥ ಸಂಘಗಳ ಮೂಲಕ. 1926ರಲ್ಲಿ ದಿವಾನಗಿರಿಗೆ ಬಂದ ಮಿರ್ಜಾ ಇಸ್ಮಾಯಿಲರಿಗಂತೂ ಊರನ್ನು ಅಂದಗೊಳಿಸುವುದು ಒಂದು ಹುಚ್ಚೇ ಆಗಿತ್ತು. ಕನ್ನಂಬಾಡಿ ಅಣೆಕಟ್ಟೆಯ ಬುಡದಲ್ಲಿ 1927ರಿಂದ 1932ರವರೆಗೆ ರೂಪುಗೊಂಡ ಬೃಂದಾವನದ ಯೋಜನೆಯಲ್ಲಿ ಇಬ್ಬರೂ ಜೊತೆಯಾದರು. ಕಾಶ್ಮೀರದ ಮೊಗಲರ ತೋಟಗಳ ಮಾದರಿಯ ಮೆಟ್ಟಿಲು ಮೆಟ್ಟಿಲಾದ ಉದ್ಯಾನ ಅದು. ನಮ್ಮ ಪೈಕಿ ಶಾಲಾ ಪ್ರವಾಸದಲ್ಲಿ ಅದನ್ನು ಕಾಣದವರು ಕಡಿಮೆ. ಅದರ ಕಾರಂಜಿಗಳ ಬಗ್ಗೆ ನನಗೆ ವಿಶೇಷ ಉತ್ಸಾಹವಿಲ್ಲ. ನೀರು ಬೇಕಾದಷ್ಟು ಇರುವ ಕಡೆ ತೋಟ ಮಾಡುವುದು ಅಂಥ ದೊಡ್ಡ ಸಾಹಸವೇನಲ್ಲ. ಅವರ ಸಾಹಸ ಕಾಣುವುದು ಕಾರಂಜಿಯಿಲ್ಲದ ರಸ್ತೆಗಳಲ್ಲಿ.

ಈಗ ಹುಲಿಹೈದರದ ಮಾತು. ಇಂದು ಕೊಪ್ಪಳ ಜಿಲ್ಲೆಯ ಕನಕಗಿರಿ ತಾಲ್ಲೂಕಿನಲ್ಲಿರುವ ಈ ಊರು, ನಾನು ಸೇವೆಗೆ ಸೇರಿದ ಹೊಸದರಲ್ಲಿ ರಾಯಚೂರು ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿತ್ತು. ಗಂಗಾವತಿ ಎಂದೊಡನೆ ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ ನೆನಪಾಗುತ್ತವೆ. ಕನಕಗಿರಿಯ ಕಡೆಗೆ ಹೊರಳಿದರೆ ನೆಲದ ಬಣ್ಣವೇ ಬೇರೆ. ಅಲ್ಲಿನ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡವು. ಸಜ್ಜೆ, ಶೇಂಗಾ, ತೊಗರಿ. ವರ್ಷದ ಮಳೆ ಬೆಂಗಳೂರಿನ ಮೂರನೆಯ ಎರಡು ಪಾಲು ಮುಟ್ಟಿದರೆ ಪುಣ್ಯ. ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ದಾಟುತ್ತದೆ. ಚಳಿಗಾಲ ಬೆಂಗಳೂರಿನದಕ್ಕಿಂತಲೂ ಮೆದು.

ಬೆಂಗಳೂರಿನಲ್ಲಿ ಓದಿ ಬಂದಿದ್ದ ನನಗೆ ಆ ಊರಿನ ದಾರಿಯ ಬದಿಗೆ ಜಕರಂಡಾ ಸಾಲು ಇರಬೇಕೆಂಬ ಆಸೆ ಹುಟ್ಟಿತು. ಕಾರ್ಯಕ್ರಮವೊಂದರಲ್ಲಿ ಹಣವೂ ಇತ್ತು. ಜಕರಂಡಾ ಮತ್ತು ಮಳೆಮರದ ಸಸಿಗಳನ್ನು ಬೆಂಗಳೂರಿನಿಂದಲೇ ಲಾರಿಯಲ್ಲಿ ತರಿಸಿದೆ. ಊರಿನ ಹಿರಿಯರೊಬ್ಬರು ಸಾಹೇಬರ ಉತ್ಸಾಹಕ್ಕೆ ಅಡ್ಡಿ ಬರಬಾರದೆಂಬ ಸಂಕೋಚದಿಂದಲೇ ಎರಡು ವಿಷಯ ಕೇಳಿದ್ದರು. ಮೂರನೆಯ ಬೇಸಿಗೆಗೆ ಇವಕ್ಕೆ ನೀರು ಹಾಕುವವರು ಯಾರು ಎಂಬುದು ಒಂದು. ಈ ಮರಗಳಿಗೆ ಎಲೆ ಯಾವ ತಿಂಗಳಿನಲ್ಲಿ ಇರುತ್ತದೆ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಏನೋ ಹೇಳಿ ನಿಭಾಯಿಸಿದೆ. ಎರಡನೆಯದು ಆಗ ನನಗೆ ಅರ್ಥವೇ ಆಗಲಿಲ್ಲ. ಸಸಿಗಳು ಎರಡನೆಯ ಬೇಸಿಗೆಯನ್ನು ದಾಟಲಿಲ್ಲ. ಮೂರನೆಯ ಬೇಸಿಗೆಯ ಹೊತ್ತಿಗೆ ನಾನೂ ಆ ತಾಲ್ಲೂಕಿನಲ್ಲಿರಲಿಲ್ಲ.

ಹಿರಿಯರ ಎರಡನೆಯ ಪ್ರಶ್ನೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಅದು ಕೃಂಬಿಗಲ್ ಕೇಳಬಹುದಾಗಿದ್ದ ಪ್ರಶ್ನೆಯೇ ಆಗಿತ್ತು. ಅವರು ಬೆಂಗಳೂರಿಗೆ ಹೂವಿನ ಪಂಚಾಂಗ ಬರೆದರು, ಏಕೆಂದರೆ ಬೆಂಗಳೂರಿನ ಬಿಸಿಲು ಹೂವಿನ ಬಗ್ಗೆ ಚಿಂತಿಸುವಷ್ಟು ಬಿಡುವು ಕೊಡುತ್ತಿತ್ತು. ಹುಲಿಹೈದರಕ್ಕೆ ಬೇಕಾದದ್ದು ನೆರಳಿನ ಪಂಚಾಂಗ. ಅಲ್ಲಿ ಕೇಳಬೇಕಾದದ್ದು ಮಾರ್ಚಿನಿಂದ ಜೂನಿನ ಮೊದಲ ಮಳೆಯವರೆಗೆ ಯಾವ ಮರದಲ್ಲಿ ಎಲೆ ಇರುತ್ತದೆ ಎಂಬುದನ್ನು. ಗುಲ್‌ಮೊಹರ್ ಆ ನೆಲದಲ್ಲಿ ಬದುಕೀತು. ಆದರೆ ಬಿಸಿಲೇರುವ ದಿನಗಳಲ್ಲಿ ಅದು ಬೋಳಾಗಿ ನಿಂತಿರುತ್ತದೆ. ಬೇವಾದರೆ ಹಳೆಯ ಎಲೆಯನ್ನು ಯುಗಾದಿಗೆ ಮುಂಚೆಯೇ ಉದುರಿಸಿ, ಬಿಸಿಲು ನೆತ್ತಿ ಸುಡುವ ವೇಳೆಗೆ ಹೊಸ ಎಲೆ ಹೊದ್ದು ನಿಲ್ಲುತ್ತದೆ. ಹೊಂಗೆಯೂ ಹಾಗೆಯೇ. ಹೊಂಗೆಯ ನೆರಳಿನ ತಂಪನ್ನು ನಮ್ಮ ಜನ ಹೆತ್ತ ತಾಯಿಯ ಮಡಿಲಿಗೆ ಹೋಲಿಸುವುದು ಸುಮ್ಮನಲ್ಲ. ಹುಣಸೆ ವರ್ಷದ ಬಹುಕಾಲ ಹಸುರಾಗಿಯೇ ಇರುತ್ತದೆ, ಮೇಲೆ ಹಣ್ಣಿನ ಆದಾಯ. ಆಲ, ಬಸರಿಗಳಿಗೆ ಜಾಗ ಹೆಚ್ಚು ಬೇಕು. ಊರ ಹೊರಗಿನ ಅಗಲವಾದ ದಾರಿಗೆ, ಕೆರೆಯ ದಂಡೆಗೆ ಅವು ಸೈ. ಕಲ್ಲುನೆಲಕ್ಕೆ ಕಮರದಂಥ ಗಟ್ಟಿಜೀವ ಇನ್ನೊಂದಿಲ್ಲ. ಹೂವೇ ಬೇಕೆಂದರೆ ಕಕ್ಕೆ ಇದೆ, ಮುತ್ತುಗವಿದೆ. ಶಿವರಾತ್ರಿಯ ಆಸುಪಾಸಿನಲ್ಲಿ ಮುತ್ತುಗ ಹೂವಾಗುವುದನ್ನು ಕಂಡವರು ಟಬೂಬಿಯಾಕ್ಕಾಗಿ ಹಂಬಲಿಸಲಾರರು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿಸಲು ಹೊರಟವನು ನಾನು.

ಇದೇ ಬಯಲುಸೀಮೆ ಇನ್ನೊಂದು ಆಯ್ಕೆಯ ಫಲವನ್ನು ಇಂದಿಗೂ ಉಣ್ಣುತ್ತಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಬಳ್ಳಾರಿ ಜಾಲಿಯನ್ನು ಒಣ ನೆಲದಲ್ಲಿ ಉರುವಲಿಗೆ, ಮಣ್ಣಿನ ರಕ್ಷಣೆಗೆ ಎಂದು ಸದುದ್ದೇಶದಿಂದಲೇ ಹರಡಲಾಯಿತು. ಅದು ಬದುಕುತ್ತದೆಯೇ ಎಂದು ಕೇಳಿದವರಿದ್ದರು. ಎಲ್ಲಿ ನಿಲ್ಲುತ್ತದೆ ಎಂದು ಕೇಳಿದವರು ಇರಲಿಲ್ಲ. ಇಂದು ಕೆರೆಯಂಗಳ, ಹಳ್ಳದ ದಂಡೆ, ಬೀಳುಬಿಟ್ಟ ಹೊಲಗಳೆಲ್ಲ ಅದರ ವಶ. ಇತ್ತೀಚಿನ ಉದಾಹರಣೆ ಕೊನೊಕಾರ್ಪಸ್. ವರ್ಷವಿಡೀ ಹಸುರು, ಬೇಗ ಬೆಳೆಯುತ್ತದೆ, ದನ ಮೇಯುವುದಿಲ್ಲ ಎಂಬ ಕಾರಣಗಳಿಗಾಗಿ ಊರೂರಿನ ರಸ್ತೆ ವಿಭಜಕಗಳಲ್ಲಿ ನೆಟ್ಟರು. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಪರೀಕ್ಷೆಯ ವರ್ಷಗಳನ್ನು ಉಳಿಸಲು ಹೋಗಿ ತೆರುವ ಬೆಲೆ ಇದು.

ಓದು ಬರಹ ತಿಳಿಯದ ಸಾಲುಮರದ ತಿಮ್ಮಕ್ಕ ಆರಿಸಿಕೊಂಡದ್ದು ಆಲವನ್ನು. ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯಲ್ಲಿ ಅವರು ಮತ್ತು ಅವರ ಪತಿ ಬೆಳೆಸಿದ 385 ಆಲದ ಮರಗಳ ಮುಂದೆ ನಮ್ಮ ಕಡತಗಳ ಎಷ್ಟೋ ಲಕ್ಷ ಸಸಿಗಳು ಮಂಕಾಗುತ್ತವೆ. ಕೊಂಬೆ ನೆಟ್ಟರೂ ಚಿಗುರುವ, ಊರಿನಲ್ಲಿಯೇ ಸಿಗುವ, ನೂರಾರು ವರ್ಷ ಬಾಳುವ ಮರ ಅದು. ಮಳೆಗಾಲದಲ್ಲಿ ನೆಟ್ಟು ಬೇಸಿಗೆಯಲ್ಲಿ ಕೊಡ ಹೊತ್ತು ನೀರೆರೆದರು. 2025ರಲ್ಲಿ ಅವರು ತೀರಿಕೊಂಡಾಗ ಆ ಸಾಲು ಇನ್ನೂ ನಿಂತಿತ್ತು. ಅವರಿಗೆ ಲಾಲ್‌ಬಾಗ್ ಇರಲಿಲ್ಲ. ಆದರೆ ಒಂದೇ ಊರಿನಲ್ಲಿ ಇದ್ದು ನೋಡುವ ಅವಕಾಶ ಕೃಂಬಿಗಲ್ಲರಂತೆ ಅವರಿಗೂ ಇತ್ತು.

ಕೃಂಬಿಗಲ್ ಪ್ರಶ್ನಾತೀತರೆಂದು ನಾನು ಹೇಳುವುದಿಲ್ಲ. ಮಳೆಗಾಲದ ಮೊದಲ ಬಿರುಗಾಳಿಗೆ ಬೆಂಗಳೂರಿನಲ್ಲಿ ಉರುಳುವ ಮರಗಳಲ್ಲಿ ಗುಲ್‌ಮೊಹರ್, ಪೆಲ್ಟೊಫೋರಂ, ನೀರುಕಾಯಿ ಮರಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಅವುಗಳ ದಾರುವು ಮೆದು, ಬೇರು ಮೇಲುಮೇಲೆ. ಆದರೆ ಅವರ ಕಾಲದ ರಸ್ತೆಯಲ್ಲಿ ಜಟಕಾಗಾಡಿ ಓಡುತ್ತಿತ್ತು, ಮರದ ಬುಡಕ್ಕೆ ಮಣ್ಣಿತ್ತು. ಆಮೇಲೆ ಬುಡದವರೆಗೆ ಕಾಂಕ್ರೀಟು ಹಾಸಿದವರು, ಕೇಬಲ್ಲಿಗಾಗಿ ಬೇರು ಕಡಿದವರು ನಾವು. ಪಕ್ಷಿಗಳಿಗೆ, ಕೀಟಗಳಿಗೆ ನೆಲದ ಮರಗಳಷ್ಟು ಪರದೇಶದ ಮರಗಳು ಆಶ್ರಯ ಕೊಡವು ಎಂಬುದು ಇಂದಿನ ತಿಳಿವಳಿಕೆ. ಅವರ ಕಾಲದ ತೋಟಗಾರರಲ್ಲಿ ಅದರ ಅರಿವು ಕಡಿಮೆಯೇ ಇತ್ತು. ಇಂದು ಅವರಿದ್ದಿದ್ದರೆ ಅದೇ ಪಟ್ಟಿಯನ್ನು ಕೊಡುತ್ತಿದ್ದರೆಂದು ನನಗೆ ಅನಿಸುವುದಿಲ್ಲ.

1932ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ ಅವರು ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ಎಚ್.ಸಿ. ಜವರಾಯರು, ಲಾಲ್‌ಬಾಗಿನ ಆಡಳಿತ ಅಲ್ಲಿಗೆ ಭಾರತೀಯರ ಕೈಗೆ ಬಂತು. ಆಮೇಲಿನ ತಲೆಮಾರಿನ ಎಂ.ಎಚ್. ಮರಿಗೌಡರು ರಾಜ್ಯದ ತೋಟಗಾರಿಕೆಯನ್ನು ರೈತರ ಹೊಲಗಳಿಗೆ ಕೊಂಡೊಯ್ದರು. ಕೃಂಬಿಗಲ್ ಸಲಹೆಗಾರರಾಗಿ ಮುಂದುವರಿದರು. ಕೆಲಸ ಮುಗಿಸಿದ ಯುರೋಪಿಯನ್ನರು ಸಾಮಾನ್ಯವಾಗಿ ಹಡಗು ಹತ್ತಿ ಊರಿಗೆ ಮರಳುತ್ತಿದ್ದ ಕಾಲದಲ್ಲಿ ಅವರು ಬೆಂಗಳೂರಿನಲ್ಲಿಯೇ ಉಳಿದರು. ಉಳಿದದ್ದು ಸುಲಭವಾಗಿರಲಿಲ್ಲ. ಬ್ರಿಟಿಷರು ಜರ್ಮನಿಯೊಡನೆ ಕಾದಾಡುತ್ತಿದ್ದಾಗ, ದಶಕಗಳಿಂದ ಇಲ್ಲಿನ ಮಣ್ಣಿನಲ್ಲಿ ಕೈಯಾಡಿಸಿದ್ದ ಮನುಷ್ಯ ಶತ್ರುದೇಶದವನೆನಿಸಿ ನಿರ್ಬಂಧಕ್ಕೆ ಒಳಗಾಗಬೇಕಾಯಿತು. ಸಂಸ್ಥಾನ ಹೋಗಿ ಸ್ವತಂತ್ರ ಭಾರತದ ಮೈಸೂರು ರಾಜ್ಯ ಬಂದುದನ್ನೂ ಅವರು ಕಂಡರು. 1956ರ ಫೆಬ್ರುವರಿ 8ರಂದು, ತೊಂಬತ್ತು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಭಾಷಾವಾರು ಪ್ರಾಂತ್ಯಗಳಾಗಿ, ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಜಿಲ್ಲೆಯೊಡನೆ ಹುಲಿಹೈದರವೂ ಮೈಸೂರು ರಾಜ್ಯಕ್ಕೆ ಸೇರಿತು. ಅವರು ಬದುಕಿದ್ದಷ್ಟು ದಿನ ಅದು ಬೇರೊಂದು ಸೀಮೆ.

ಹೊಸೂರು ರಸ್ತೆಯ ಮೆಥೊಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ತೋಟದೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಉಪನ್ಯಾಸ ಮಂದಿರ ಬಹುಕಾಲ ಶಿಥಿಲವಾಗಿ ನಿಂತಿದ್ದು, 2017ರಲ್ಲಿ ಅದನ್ನು ಕೆಡವಲಾಯಿತು.

ಹುಲಿಹೈದರಕ್ಕೆ ನಿವೃತ್ತಿಯ ನಂತರ ಒಮ್ಮೆ ಹೋಗಿದ್ದೆ. ನನ್ನ ಸಸಿಗಳಿದ್ದ ಜಾಗದಲ್ಲಿ ಈಗ ಬೇವಿನ ಮರಗಳಿವೆ. ನೆಟ್ಟವರು ಯಾರೆಂದು ವಿಚಾರಿಸಿದರೆ ಸರಿಯಾಗಿ ಯಾರಿಗೂ ತಿಳಿಯದು. ನನ್ನ ಬೇಲಿಯ ಮುಳ್ಳಿನ ಮರೆಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಒಂದೆರಡು ತಾವೇ ಎದ್ದಿರಬೇಕೆಂದು ಒಬ್ಬರು ಅಂದರು. ಮೇ ತಿಂಗಳ ನಡುಹಗಲು. ಅವುಗಳ ಕೆಳಗೆ ಬಸ್ಸಿಗಾಗಿ ಕಾಯುತ್ತ ಹತ್ತಾರು ಮಂದಿ ಕುಳಿತಿದ್ದರು, ಎರಡು ಎತ್ತಿನ ಬಂಡಿ ಬಿಟ್ಟಿದ್ದರು. ನಾನೂ ಅಲ್ಲಿಯೇ ಕುಳಿತು ಬಸ್ಸು ಬರುವವರೆಗೆ ಕಾದೆ.